ರಿಪೋರ್ಟ್ ನಾರ್ಮಲ್ ಬಂದ ಮೇಲೆ

ಆಕೆ ತಂದಿದ್ದ ಬಟ್ಟೆ ಅಂಗಡಿಯ ಕವರ್ ತುಂಬ 4 ವರ್ಷದ ರಿಪೋರ್ಟುಗಳು. ಇಸಿಜಿ, ಎಂಡೋಸ್ಕೋಪಿ, ತಲೆ ಸ್ಕ್ಯಾನಿಂಗ್. ಮೈಯೆಲ್ಲ ಉರಿ, ಎದೆ ಹಿಡಿದ ಹಾಗೆ, ತಲೆ ಜುಮ್ ಅನ್ನುತ್ತೆ. ಎಲ್ಲ ನೋಡಿ, ಒಳ್ಳೆ ಸುದ್ದಿ ಅಂದುಕೊಂಡೇ ಹೇಳಿದೆ: "ನಿಮಗೇನೂ ಇಲ್ಲಮ್ಮ."

ಆಕೆ ಒಂದೊಂದೇ ಹಾಳೆ ಮಡಚಿ ಕವರಿಗೆ ಹಾಕುತ್ತಾ, "ಹಾಗಾದ್ರೆ ಇದು ಸತ್ತ ಮೇಲೇನೇ ಹೋಗೋದು, ಅಲ್ವಾ ಸಾರ್?" ಅಂದರು.

ಹೊರಗೆ ಉದ್ದ ಕ್ಯೂ. ಸುಮ್ನೆ ಬೇಜಾರಿಗೆ ಆಡಿದ ಮಾತು ಅಂತ ಬಿಡಬಹುದಿತ್ತು. ಆದರೆ ಆಕೆ ಅಳುತ್ತಿರಲಿಲ್ಲ, ಲೆಕ್ಕ ಮುಗಿಸಿದವರ ಹಾಗೆ ಮಾತಾಡಿದರು. ಮತ್ತೆ ಕೂರಿಸಿ ನೇರವಾಗಿ ಕೇಳಿದೆ: "ಸಾಯಬೇಕು ಅಂತ ಯೋಚನೆ ಬಂದಿದೆಯಾ?" ಬಂದಿತ್ತು, ಒಂದು ತಿಂಗಳಿಂದ. ಗಂಡನಿಗೂ ಹೇಳಿರಲಿಲ್ಲ.

ಅವತ್ತಿನಿಂದ "ಏನೂ ಇಲ್ಲ" ಅನ್ನೋದು ಬಿಟ್ಟೆ. ಮನೆಯವರು "ನಾಟಕ" ಅಂದಿರುತ್ತಾರೆ, ನಮ್ಮ ಮಾತು ಅದಕ್ಕೆ ಮುದ್ರೆ ಒತ್ತುತ್ತದೆ. ಈಗ ಮೊದಲು ನೋವಿರೋ ಜಾಗ ಮುಟ್ಟಿ ನೋಡುತ್ತೇನೆ. ಆಮೇಲೆ ಹೇಳುತ್ತೇನೆ: "ನೋವು ನಿಜ. ಗಡ್ಡೆ, ಹುಣ್ಣು, ಬ್ಲಾಕ್ ಇಲ್ಲ ಅನ್ನೋದೂ ನಿಜ. ನರಗಳು ಸಣ್ಣದನ್ನೂ ಜೋರಾಗಿ ಹೇಳುತ್ತಿವೆ." ಮನೋರೋಗಗಳನ್ನು ಗುರುತಿಸೋಕೆ ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಕೈಪಿಡಿ ಡಿಎಸ್ಎಂ-5 ಕೂಡ, ಇಂಥ ನರಳಾಟವನ್ನು ಕಾಯಿಲೆ ಅನ್ನೋಕೆ ರೋಗಲಕ್ಷಣಕ್ಕೆ ಕಾರಣ ಸಿಗಬಾರದು ಅನ್ನೋ ಷರತ್ತನ್ನು ಕೈಬಿಟ್ಟಿತು. ಆ ಲಕ್ಷಣದಿಂದ ಮನುಷ್ಯ ಎಷ್ಟು ನರಳುತ್ತಿದ್ದಾನೆ ಅನ್ನೋದೇ ಮುಖ್ಯ.

ಸಾವಿನ ಬಗ್ಗೆ ಕೇಳಿದರೆ ಆ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ನಮ್ಮ ಸಿಸ್ಟರ್‌ಗಳೂ ಹೆದರುತ್ತಿದ್ದರು. ಹಾಗಾಗಲ್ಲ. ಬಹಳ ಜನ ಉಸಿರು ಬಿಟ್ಟು ಹಗುರಾಗುತ್ತಾರೆ. "ಬೇಜಾರಿದೆಯಾ?" ಅಂದರೆ ಇಲ್ಲ ಅನ್ನುವವರೂ "ಈ ಉರಿ ಹೀಗೇ ಇದ್ದರೆ ಏನು ಮಾಡಬೇಕು ಅನ್ನಿಸುತ್ತೆ?" ಅಂದರೆ ಬಾಯಿ ಬಿಡುತ್ತಾರೆ.

ಯೋಚನೆ ಇದೆ ಅಂದವರನ್ನು ಒಂಟಿಯಾಗಿ ಕಳಿಸಲ್ಲ. ಆಕೆಯ ಒಪ್ಪಿಗೆ ಪಡೆದು ಗಂಡನನ್ನು ಒಳಗೆ ಕರೆಸಿದೆ. ಮಾತ್ರೆ ಒಂದು ವಾರಕ್ಕಷ್ಟೇ ಬರೆದೆ, ಅದೂ ಗಂಡನ ಕೈಯಲ್ಲಿ. ಮನೋವೈದ್ಯರಿಗೆ ಎದುರಿಗೇ ಫೋನ್ ಮಾಡಿದೆ. ರಾತ್ರಿ ಹೊತ್ತಿಗೆ ಬೇಕಾಗುತ್ತೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಚೀಟಿ ಹಿಂದೆ ದೊಡ್ಡದಾಗಿ ಬರೆದುಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. "ಬೇಕಾದರೆ ಬನ್ನಿ" ಅನ್ನಲಿಲ್ಲ, ಮುಂದಿನ ಗುರುವಾರ ಬನ್ನಿ ಅಂದೆ.

ಹೋದ ವಾರವೂ ಬಂದಿದ್ದರು. ಉರಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಆ ಪ್ರಶ್ನೆಯನ್ನು ಮತ್ತೆ ಕೇಳಿದೆ.