ಓಟ್ ಹಾಕದೇ ಗೆಲ್ಲುವವರು: ನಮ್ಮ ಬೀಜದ ಗುಂಪಿನ ಕೋರಂ ಕಥೆ

ಉಡುಪಿ ಸುತ್ತಮುತ್ತ ಕೈತೋಟ ಮಾಡುವವರ ಒಂದು ವಾಟ್ಸಾಪ್ ಗುಂಪನ್ನು ನಾವು ನಾಲ್ಕೈದು ಜನ ಅಡ್ಮಿನ್‌ಗಳು ನಡೆಸುತ್ತೇವೆ. ಮಟ್ಟುಗುಳ್ಳ, ಅಲಸಂಡೆ, ಹರಿವೆ, ಊರಿನ ಬೆಂಡೆ, ಹೀಗೆ ಬೀಜ ಹಂಚಿಕೊಳ್ಳುವುದೇ ಕೆಲಸ. ಜನ ಕುಂದಾಪುರದಿಂದ ಕಾರ್ಕಳದವರೆಗೆ ಇದ್ದಾರೆ, ಮುಂಬೈ, ದುಬೈಯಲ್ಲೂ ಇದ್ದಾರೆ. ಎಲ್ಲರೂ ಒಂದೇ ಕಡೆ ಸೇರಿ ಕೈ ಎತ್ತುವುದು ಆಗದ ಮಾತು. ಆದ್ದರಿಂದ ಓಟಿಗೆ ನಿಯಮ ಬೇಕಾಯಿತು.

ಮೊದಲು ಇದ್ದ ನಿಯಮ ಸರಳ. ಸದಸ್ಯರಲ್ಲಿ ಕಾಲು ಭಾಗವಾದರೂ ಓಟ್ ಹಾಕಬೇಕು (ಈ ಕನಿಷ್ಠ ಸಂಖ್ಯೆಗೇ ಕೋರಂ ಅನ್ನುವುದು), ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ 'ಹೌದು' ಅನ್ನಬೇಕು. ಯಾವುದೋ ಸಂಘದ ಬೈಲಾ ನೋಡಿ ಬರೆದದ್ದು. ಲೋಕಸಭೆಗೂ ಕೋರಂ ಉಂಟು, ಹತ್ತರಲ್ಲಿ ಒಂದು ಭಾಗ, ಅಂದರೆ 543ಕ್ಕೆ 55. ಹಾಗಾಗಿ ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ.

ತೊಂದರೆ ಗೊತ್ತಾದದ್ದು ಗಿಡ ಮಾರಾಟದ ವಿಷಯ ಬಂದಾಗ. ನರ್ಸರಿ ಇಟ್ಟಿದ್ದ ಕೆಲವರು ಭಾನುವಾರ ಮಾತ್ರ ಗುಂಪಿನಲ್ಲಿ ಗಿಡ ಮಾರಲು ಬಿಡಿ ಅಂದರು. ಇನ್ನು ಕೆಲವರಿಗೆ ಅದು ಸುತಾರಾಂ ಬೇಡ. ಆಗ ಸದಸ್ಯರು 400, ಕೋರಂ 100. 'ಹೌದು' 72 ಬಂತು, 'ಬೇಡ' 19. ಒಟ್ಟು 91. ಕೋರಂ ಇಲ್ಲ, ಪ್ರಸ್ತಾವ ಬಿತ್ತು.

ಈಗ ಲೆಕ್ಕ ನೋಡಿ. ಬೇಡ ಅನ್ನುವವರಲ್ಲಿ ಇನ್ನೂ ಒಂಬತ್ತು ಜನ ಪ್ರಾಮಾಣಿಕವಾಗಿ ಬಂದು 'ಬೇಡ' ಒತ್ತಿದ್ದರೆ? 72ಕ್ಕೆ 28. ಕೋರಂ ತುಂಬುತ್ತಿತ್ತು, ಪ್ರಸ್ತಾವ ಪಾಸಾಗುತ್ತಿತ್ತು! ಅಂದರೆ ಅವರು ಓಟ್ ಹಾಕಿದ್ದರೆ ಸೋಲುತ್ತಿದ್ದರು, ಹಾಕದ್ದಕ್ಕೆ ಗೆದ್ದರು. ಇದು ಆಕಸ್ಮಿಕವೂ ಅಲ್ಲ. ಓಟಿನ ಮೂರನೇ ದಿನ ಒಂದು ಮೆಸೇಜ್ ಓಡಾಡಿತ್ತು: "ಎಂತಕ್ಕೆ ಮಾರಾಯ್ರೆ ಓಟ್ ಹಾಕುದು, ಸುಮ್ನಿರಿ, ಅದೇ ಬೀಳ್ತದೆ." ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ನಿಯಮವೇ ಹಾಗೆ ಮಾಡಿ ಅಂತ ಹೇಳಿಕೊಡುತ್ತಿತ್ತು.

ದೊಡ್ಡ ದೊಡ್ಡ ದೇಶಗಳಲ್ಲೇ ಇದು ನಡೆದಿದೆ. ಇಟಲಿಯಲ್ಲಿ ಕಾನೂನು ರದ್ದು ಮಾಡುವ ಜನಮತಗಣನೆಗೆ ಅರ್ಧಕ್ಕಿಂತ ಜಾಸ್ತಿ ಮತದಾರರು ಬರಬೇಕು. 2005ರಲ್ಲಿ ಕೃತಕ ಗರ್ಭಧಾರಣೆ ಕಾನೂನಿನ ಬಗ್ಗೆ ಮತದಾನ ಆದಾಗ ರದ್ದತಿಯ ವಿರೋಧಿಗಳು 'ಬೇಡ' ಅನ್ನಿ ಅಂತ ಪ್ರಚಾರ ಮಾಡಲಿಲ್ಲ, ಮನೆಯಲ್ಲೇ ಇರಿ ಅಂದರು. ಬಂದವರು ಸುಮಾರು ಶೇ. 26. ಬಂದವರಲ್ಲಿ ಹೆಚ್ಚಿನವರು 'ಹೌದು' ಅಂದಿದ್ದರೂ ಅದು ಅಸಿಂಧುವಾಯಿತು.

ಹಾಗಾದರೆ ಕೋರಂ ಬೇಡವೇ? ಬೇಕು. ಇಲ್ಲದಿದ್ದರೆ ಮಧ್ಯರಾತ್ರಿ ಏಳು ಜನ ಸೇರಿ ಗುಂಪಿನ ಹಣ ಖರ್ಚು ಮಾಡಿಬಿಡಬಹುದು. ಆದರೆ ಎಣಿಸಬೇಕಾದ್ದು ಎಷ್ಟು ಜನ ಬಂದರು ಅಂತಲ್ಲ, ಎಷ್ಟು ಜನ 'ಹೌದು' ಅಂದರು ಅಂತ. 'ಹೌದು' ಇಷ್ಟಾದರೂ ಇರಬೇಕು ಮತ್ತು 'ಬೇಡ'ಕ್ಕಿಂತ ಜಾಸ್ತಿ ಇರಬೇಕು. ಆಗ 'ಬೇಡ' ಓಟು ಕೋರಂ ತುಂಬಿಸಲು ನೆರವಾಗುವುದಿಲ್ಲ. ವಿರೋಧಿ ಧೈರ್ಯವಾಗಿ ಬಂದು ವಿರೋಧಿಸಬಹುದು.

'ಇಷ್ಟು' ಅಂದರೆ ಎಷ್ಟು? ಇಲ್ಲಿ ನಮಗೆ ದಾರಿ ತೋರಿಸಿದ್ದು ಸಾಫ್ಟ್‌ವೇರ್ ಮಂದಿ. ಡೆಬಿಯನ್ ಅಂತ ಕಂಪ್ಯೂಟರಿನ ಲಿನಕ್ಸ್ ತಂತ್ರಾಂಶ ತಯಾರಿಸುವ ಒಂದು ಯೋಜನೆ ಉಂಟು, 1993ರಲ್ಲಿ ಶುರುವಾದದ್ದು, ಪ್ರಪಂಚದ ತುಂಬ ಸದಸ್ಯರು, ಎಲ್ಲ ಓಟು ಆನ್‌ಲೈನಿನಲ್ಲೇ. ಅವರ ಸಂವಿಧಾನದಲ್ಲಿ ಸಾಮಾನ್ಯ ನಿರ್ಣಯಕ್ಕೆ ಬೇಕಾದ ಸಂಖ್ಯೆ ಸದಸ್ಯರ ವರ್ಗಮೂಲದ ಒಂದೂವರೆ ಪಟ್ಟು. ಸಾವಿರ ಜನ ಇದ್ದರೆ ಸುಮಾರು 47. ಅದನ್ನೂ ಅವರು ಬಂದವರ ಲೆಕ್ಕದಲ್ಲಿ ಹಿಡಿಯುವುದಿಲ್ಲ. 'ಯಾವುದೂ ಬೇಡ' ಅನ್ನುವುದಕ್ಕಿಂತ ಈ ಪ್ರಸ್ತಾವವೇ ವಾಸಿ ಅಂದವರ ಲೆಕ್ಕ. ವರ್ಗಮೂಲದ ಗುಣ ಏನೆಂದರೆ, ಗುಂಪು ನಾಲ್ಕು ಪಟ್ಟು ಬೆಳೆದರೆ ಕೋರಂ ಎರಡೇ ಪಟ್ಟು ಬೆಳೆಯುತ್ತದೆ. ಗುಂಪು ದೊಡ್ಡದಾದಷ್ಟೂ ಸುಮ್ನೆ ಓದುವವರೇ ಜಾಸ್ತಿ ಅಲ್ವಾ? ನಾವು ವರ್ಗಮೂಲದ ಎರಡು ಪಟ್ಟು ಇಟ್ಟೆವು. 400ಕ್ಕೆ 40 'ಹೌದು', 900ಕ್ಕೆ 60. ಹಳೆಯ ಲೆಕ್ಕದಲ್ಲಿ 900ಕ್ಕೆ 225 ಜನರನ್ನು ಎಳೆದು ತರಬೇಕಿತ್ತು. ಹಣದ ವಿಷಯ, ಯಾರನ್ನಾದರೂ ಹೊರಗೆ ಹಾಕುವುದು, ನಿಯಮ ಬದಲಿಸುವುದು, ಈ ಮೂರಕ್ಕೆ ಮಾತ್ರ ಬಿದ್ದ ಓಟಿನಲ್ಲಿ ಮೂರನೇ ಎರಡು ಭಾಗ 'ಹೌದು' ಬೇಕು.

ಸಣ್ಣಪುಟ್ಟದಕ್ಕೆ ಓಟೇ ಇಲ್ಲ. ಬೀಜದ ಪೊಟ್ಟಣದ ಮೇಲೆ ತಾರೀಕು ಬರೆಯಬೇಕೋ ಬೇಡವೋ ಅನ್ನುವಂಥದ್ದಕ್ಕೆ ಗುಂಪಿನಲ್ಲಿ ಹಾಕಿ 72 ಗಂಟೆ ಕಾಯುತ್ತೇವೆ, ಯಾರೂ ಆಕ್ಷೇಪ ಹೇಳದಿದ್ದರೆ ಜಾರಿ. ಅಪಾಚೆ ಸಾಫ್ಟ್‌ವೇರಿನವರ ಪದ್ಧತಿ ಇದು. ಮೌನಂ ಸಮ್ಮತಿ ಲಕ್ಷಣಂ ಅಂತ ನಮ್ಮಲ್ಲೂ ಹೇಳುತ್ತಾರಲ್ಲ, ಅದು ಪೊಟ್ಟಣದ ಮಟ್ಟಿಗೆ ಸರಿ. ದುಡ್ಡಿನ ವಿಷಯಕ್ಕೆ ಅಲ್ಲ.

ಈ ಹೊಸ ನಿಯಮವನ್ನು ಯಾವ ನಿಯಮದಲ್ಲಿ ಪಾಸು ಮಾಡುವುದು ಅನ್ನುವ ಪ್ರಶ್ನೆಗೆ ಅಡ್ಮಿನ್‌ಗಳ ನಡುವೆಯೇ ದೊಡ್ಡ ಜಗಳ. ಕೊನೆಗೆ ಎರಡರಲ್ಲೂ ಪಾಸಾಗಬೇಕು ಅಂತಾಯಿತು. ಹಳೆಯ ಕಾಲು ಭಾಗವೂ ತುಂಬಬೇಕು, ಹೊಸ ಮೂರನೇ ಎರಡೂ ಬರಬೇಕು. ಕರಡನ್ನು ಎರಡು ವಾರ ಗುಂಪಿನಲ್ಲಿಟ್ಟು, ಮನೆಮನೆಗೆ ಫೋನ್ ಮಾಡಿ ಓಟ್ ಹಾಕಿಸಿದೆವು. ಒಬ್ಬರು ಮಾಸ್ಟ್ರು, "ಪಂಚಾಯತ್ ಇಲೆಕ್ಷನ್ನಿಗೂ ಇಷ್ಟು ಸಲ ಕರೀಲಿಲ್ಲ ನನ್ನನ್ನು" ಅಂದರು.

ಓಟು ಏಳು ದಿನ, ನಡುವೆ ಒಂದು ಭಾನುವಾರ ಬರಲೇಬೇಕು. ಮೇ ಕೊನೆಗೆ ಬರುವ ಪತ್ತನಾಜೆಯ ಆಸುಪಾಸು ಎಲ್ಲರೂ ಬಿತ್ತನೆಯಲ್ಲಿ ಇರುತ್ತಾರೆ, ಆಗ ಇಲ್ಲ. ಅಷ್ಟಮಿ, ದೀಪಾವಳಿಗೂ ಇಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರ, ಕೃಷ್ಣ ಮಠದ ಪರ್ಯಾಯ ಉತ್ಸವದ ವಾರವಂತೂ ಕೇಳುವುದೇ ಬೇಡ. ವಾಟ್ಸಾಪ್ ಪೋಲಿನಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತದೆ. ಬೀಜ ಮೇಳದ ದಿನ ನಿಗದಿ ಮಾಡಲು ಅದು ಸಾಕು. ಒಬ್ಬರನ್ನು ಹೊರಹಾಕುವ ವಿಷಯಕ್ಕೆ ಆಗದು, ಪಕ್ಕದ ಮನೆಯವರ ಮುಖ ನೋಡಿ ಯಾರೂ ನಿಜ ಹೇಳುವುದಿಲ್ಲ. ಅದಕ್ಕೆ ಗೂಗಲ್ ಫಾರ್ಮ್.

ಗಿಡ ಮಾರಾಟ ಮತ್ತೆ ಬಂತು. ಈ ಸಲ ಸುಮ್ಮನೆ ಕೂತರೆ ಪ್ರಯೋಜನ ಇಲ್ಲ ಅಂತ ವಿರೋಧಿಗಳಿಗೂ ಗೊತ್ತಿತ್ತು. ವಾದ ಮಾಡಿದರು, ತಿದ್ದುಪಡಿ ತಂದರು. ತಿಂಗಳ ಮೊದಲ ಭಾನುವಾರ ಮಾತ್ರ, ಬೆಲೆ ಹಾಕಲೇಬೇಕು, ಅಂತ ಪಾಸಾಯಿತು.

ಈಗ ತಕರಾರು ಇರುವುದು ಮತದಾರರ ಪಟ್ಟಿಯಲ್ಲಿ. ಸೇರಿ ಮೂರು ತಿಂಗಳಾಗಿರಬೇಕು, ವರ್ಷದಲ್ಲಿ ಒಮ್ಮೆಯಾದರೂ ಬೀಜ ಕೊಟ್ಟಿರಬೇಕು ಇಲ್ಲವೇ ಪಡೆದಿರಬೇಕು, ಪ್ರಸ್ತಾವ ಹಾಕಿದ ದಿನವೇ ಪಟ್ಟಿ ಬಂದ್. ಓಟಿನ ಹಿಂದಿನ ದಿನ ಭಾವ, ಅತ್ತಿಗೆಯರನ್ನು ಸೇರಿಸುವುದು ಇದರಿಂದ ನಿಂತಿತು. ಆದರೆ ದುಬೈಯವರು ಕೇಳಿದರು, ನಾವು ಬೀಜ ಕಳಿಸುವುದು ಹೇಗೆ, ನಮಗೆ ಓಟಿಲ್ಲವೇ ಅಂತ. ಅವರಲ್ಲಿ ಒಬ್ಬರು ಬಸಳೆಗೆ ಬರುವ ಎಲೆಚುಕ್ಕೆ ರೋಗದ ಬಗ್ಗೆ ವಾರವಾರ ಉತ್ತರ ಕೊಡುವವರು. ಉತ್ತರ ಕೊಟ್ಟವರನ್ನೂ ಪಟ್ಟಿಗೆ ಸೇರಿಸುವ ತಿದ್ದುಪಡಿ ಈ ವಾರ ಓಟಿಗೆ ಬಿದ್ದಿದೆ. ಮೂರನೇ ಎರಡು ಬೇಕು.