ಕಾಂಡೋಮ್ ಮಾತು ಯಾವಾಗ ಎತ್ತಬೇಕು: ನನ್ನ ಅನುಭವ

"ಸೂಜಿ ಹಾಕಿಕೊಳ್ಳೋರಿಗೆ ಆ ಆಸೆಯೇ ಇರಲ್ಲ, ಕಾಂಡೋಮ್ ಯಾರಿಗೆ ಕೊಡ್ತೀಯ?" ಮಾದಕವಸ್ತು ಚುಚ್ಚಿಕೊಳ್ಳುವವರಿಗೆ ಎಚ್‌ಐವಿ ಬರದ ಹಾಗೆ ಹೊಸ ಸೂಜಿ, ಕಾಂಡೋಮ್ ಕೊಡುವ ಸೆಂಟರ್ ನಮ್ಮದು. ಜೊತೆಗೆ ಕೆಲಸ ಮಾಡುವವರು ಹೀಗೆ ನಗುತ್ತಿದ್ದರು. ಅದು ಅರ್ಧ ನಿಜ. ದಿನಾ ಹೆರಾಯಿನ್ ಏರುತ್ತಿದ್ದರೆ ಟೆಸ್ಟೋಸ್ಟಿರಾನ್ ಇಳಿಯುತ್ತದೆ, ಆಸೆ ಸತ್ತ ಹಾಗಿರುತ್ತದೆ. ಆದರೆ ಓಎಸ್‌ಟಿಗೆ (ಹೆರಾಯಿನ್ ಬದಲು ಔಷಧಿ ಕೊಡುವ ಚಿಕಿತ್ಸೆ) ಸೇರಿ, ಅಲ್ಲಿ ಕೊಡುವ ಬ್ಯುಪ್ರೆನಾರ್ಫಿನ್ ಹೊಂದಿಕೊಂಡ ಮೇಲೆ ಎಷ್ಟೋ ಜನರಿಗೆ ಅದು ವಾಪಸ್ ಬರುತ್ತದೆ. ಅಷ್ಟು ಹೊತ್ತಿಗೆ ನಾವು "ಸೂಜಿ ಬಿಟ್ಟ" ಅಂತ ಬರೆದು ಫೈಲ್ ಮುಚ್ಚಿರುತ್ತೇವೆ.

ನಾನು ಆ ಫೈಲನ್ನೇ ತೆರೆದೆ. ಬ್ಯುಪ್ರೆನಾರ್ಫಿನ್ ಡೋಸ್ ಒಂದು ಮಟ್ಟಕ್ಕೆ ಬಂದು ನಿಂತ ಮೊದಲ ಕೆಲವು ವಾರಗಳಲ್ಲೇ ಮಾತು ಎತ್ತಿದೆ.

ಅದಕ್ಕೆ ಮುಂಚೆ ದುಡ್ಡು ಸುರಿದದ್ದೇ ಸುರಿದದ್ದು. ಸೂಜಿ ಪ್ಯಾಕೆಟ್ ಒಳಗೆ ಕಾಂಡೋಮ್ ತುರುಕಿ ಕೊಡುತ್ತಿದ್ದೆವು. ರಿಜಿಸ್ಟರ್ ನೋಡೋಕೆ ಚೆಂದ. ಸೆಂಟರ್ ಹಿಂದಿನ ಮೋರಿಯಲ್ಲಿ ಮಾತ್ರ ಒಡೆಯದ ಪ್ಯಾಕೆಟ್‌ಗಳ ರಾಶಿ. ಆಮೇಲೆ ಸಭೆಗೆ ಬಂದವರ ಕೈಗಿಷ್ಟು ಕಾಸು ಕೊಟ್ಟೆವು. ಒಬ್ಬನೇ ಹುಡುಗ ಬೇರೆ ಬೇರೆ ಹೆಸರಲ್ಲಿ ಸಹಿ ಹಾಕಿ ಹೋದ. ವರ್ಷದ ಬಜೆಟ್‌ನಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಹೀಗೇ ಕರಗಿತು. ಆ ಕಾಸು ಕೊನೆಗೆ ಎಲ್ಲಿ ಸೇರಿತು ಅಂತ ನಿಮಗೇ ಗೊತ್ತಲ್ವಾ.

ಪ್ರಶ್ನೆ ಕೇಳುವ ರೀತಿಯನ್ನೂ ಬದಲಾಯಿಸಿದೆ. "ಕಾಂಡೋಮ್ ಬಳಸ್ತೀಯಾ?" ಅಂದರೆ ಎಲ್ಲರದ್ದೂ "ಹೂಂ" ಅಷ್ಟೇ. ಅದರ ಬದಲು ನಿನ್ನೆಯಿಂದ ಹಿಂದಕ್ಕೆ ಒಂದೊಂದೇ ದಿನ ಕೇಳುತ್ತಾ ಹೋದೆ. ಎಲ್ಲಿ ಮಲಗಿದ್ದೆ? ಮಾಲು ಯಾರು ತಂದರು? ದುಡ್ಡು ಯಾರದ್ದು? ದುಡ್ಡಿನ ಪ್ರಶ್ನೆಗೇ ಬಾಯಿ ಬಿಡುವುದು. "ಕಾಸಿರಲಿಲ್ಲಣ್ಣ, ಅವನ ರೂಮಿಗೆ ಹೋದೆ" ಅಂದ ಒಬ್ಬ, ಶರ್ಟಿನ ಗುಂಡಿ ತಿರುವುತ್ತಾ. ಹಿಂದಿನ ಫಾರಂಗಳಲ್ಲೆಲ್ಲ ಅವನು ಗಂಡಸರ ಜೊತೆ ಸಂಬಂಧ ಇಲ್ಲ ಅಂತಲೇ ಟಿಕ್ ಹಾಕಿದ್ದ.

ಅನುಮಾನ ಪಡುವವರಿಗೆ ನಾನು ತೋರಿಸುವುದು ಎರಡೇ ಅಂಕಿ. ಎಚ್‌ಐವಿ ಸೋಂಕಿರುವವರು ಚುಚ್ಚಿಕೊಂಡ ಸೂಜಿ ಹಂಚಿಕೊಂಡರೆ 10,000 ಸಲಕ್ಕೆ ಸುಮಾರು 63 ಸೋಂಕು. ಸೋಂಕಿರುವವನ ಜೊತೆ ಕಾಂಡೋಮ್ ಇಲ್ಲದ ಗುದಸಂಭೋಗದಲ್ಲಿ ಒಳಗೆ ತೆಗೆದುಕೊಳ್ಳುವವನಿಗೆ ಅಷ್ಟೇ ಸಲಕ್ಕೆ ಸುಮಾರು 138. ಹೊಸ ಸೂಜಿ ಕೊಟ್ಟು ಕೈತೊಳೆದುಕೊಂಡರೆ ಆಯ್ತಾ?

ಮನೆಯ ಕಥೆ ಬೇರೆ. ಹೆಂಡತಿ ಹತ್ತಿರ ಕಾಂಡೋಮ್ ತೆಗೆದರೆ ಅನುಮಾನ ಹುಟ್ಟುತ್ತದೆ, ಅದಕ್ಕೇ ತೆಗೆಯಲ್ಲ. ಹಾಗಾಗಿ ಇಬ್ಬರಿಗೂ ಒಟ್ಟಿಗೆ ಟೆಸ್ಟ್ ಮಾಡಿಸಲು ಹಿಡಿದೆ. ಪಾಸಿಟಿವ್ ಬಂದವನು ಎಆರ್‌ಟಿ (ಎಚ್‌ಐವಿ ಮಾತ್ರೆ) ತಪ್ಪಿಸದೆ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಗೆ ಸಿಗದಷ್ಟು ಇಳಿಸಿಕೊಂಡರೆ ಲೈಂಗಿಕ ಸಂಪರ್ಕದಿಂದ ಹರಡಲ್ಲ. ಈ ಮಾತಿಗೆ ಗಂಡಸರು ಕಿವಿ ಕೊಡುತ್ತಾರೆ. ಸೂಜಿ ಹಂಚಿಕೊಳ್ಳುವುದಕ್ಕೆ ಈ ಭರವಸೆ ಇಲ್ಲ ಅಂತ ಆಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುತ್ತಾರೆ.

ನೆನಪಿದ್ದ ಮಟ್ಟಿಗೆ, ಮುಂಚೆ ಹತ್ತರಲ್ಲಿ ಒಬ್ಬಿಬ್ಬರು ಹೆಂಡತಿಯನ್ನು ಕರೆತರುತ್ತಿದ್ದರು. ಈಗ ಅರ್ಧಕ್ಕಿಂತ ಜಾಸ್ತಿ. ನಕ್ಕವರೇ ಈಗ ಕಲಿಯೋಕೆ ಬರುತ್ತಾರೆ. ಹೆಂಗಸರನ್ನು ಹೇಗೆ ಒಪ್ಪಿಸುತ್ತೇವೆ ಅಂತ ಮಾತ್ರ ಬರೆಯಲ್ಲ. ಗಂಡಂದಿರೂ ಓದುತ್ತಾರೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಪ್ರಶ್ನೆಗಳನ್ನು ರೆಕಾರ್ಡ್ ಮಾಡಿ, ಹೆಡ್‌ಫೋನ್ ಹಾಕಿಸಿ, ಉತ್ತರ ಅವರೇ ಒತ್ತುವ ಹಾಗೆ ಬಿಟ್ಟೆ. ಮುಚ್ಚಿಟ್ಟ ವಿಷಯಗಳು ಹತ್ತಿರ ಹತ್ತಿರ ಎರಡರಷ್ಟು ಹೊರಬಂದವು.

ಮೆತ್ (ಮೆಥಾಂಫೆಟಮಿನ್, ಉತ್ತೇಜಕ ಮಾದಕವಸ್ತು) ಚುಚ್ಚಿಕೊಳ್ಳುವವರಿಗೆ, ಡೋಸ್ ನಿಂತ ಮೇಲೆ ಮಾತು ಎತ್ತುವ ನನ್ನ ವಾರದ ಲೆಕ್ಕ ನಡೆಯಲ್ಲ. ಅಲ್ಲಿ ಆಸೆ ಇಳಿಯುವುದಿಲ್ಲ, ಏರುತ್ತದೆ. ರಾತ್ರಿಯೆಲ್ಲಾ ನಡೆದು ಕಾಂಡೋಮ್ ಹರಿಯುತ್ತದೆ, ಚರ್ಮವೂ ಸುಲಿಯುತ್ತದೆ. ಅವರಿಗೆ ಕಾಂಡೋಮ್ ಜೊತೆ ಲೂಬ್ (ಜಾರಿಕೆ ಜೆಲ್) ಕೊಡಲೇಬೇಕು. ಮೋರಿಗೆ ಹೋಗುತ್ತಿದ್ದ ಕಾಂಡೋಮ್ ದುಡ್ಡು ಉಳಿದಿದೆಯಲ್ಲ, ಈ ಸಲ ಅದನ್ನು ಲೂಬ್ ಸ್ಯಾಶೆಗೆ ಹಾಕಿಸಿಕೊಂಡಿದ್ದೇನೆ.