ಮೂರು ಅಡ್ವೆಂಚರ್ ಬೈಕ್‌ಗಳನ್ನು ನಡಿಗೆಯ ವೇಗದಲ್ಲಿ ತೂಗಿ ನೋಡಿದೆ

ಕೆಟಿಎಂ 390 ಅಡ್ವೆಂಚರ್ 2025ರಲ್ಲಿ ಪೂರ್ತಿ ಹೊಸ ರೂಪದಲ್ಲಿ ಬಂದಾಗ ನನ್ನ ಪಟ್ಟಿಯಲ್ಲಿ ಆಗಲೇ ಇನ್ನೆರಡು ಬೈಕ್‌ಗಳಿದ್ದವು: ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಮತ್ತು ಟ್ರಯಂಫ್ ಸ್ಕ್ರ್ಯಾಂಬ್ಲರ್ 400 ಎಕ್ಸ್. ಮೂರೂ ಒಂದೇ ಸಿಲಿಂಡರಿನವು, ಮೂರಕ್ಕೂ ಲಿಕ್ವಿಡ್ ಕೂಲಿಂಗ್. ಕಾಗದದ ಮೇಲೆ ನೋಡಿದರೆ ಕೆಟಿಎಂ ಗೆದ್ದ ಹಾಗೇ. ಅದಕ್ಕೆ 46 ಪಿಎಸ್ (ಎಂಜಿನ್ ಶಕ್ತಿಯ ಅಳತೆ, ಹೆಚ್ಚುಕಡಿಮೆ ಅಶ್ವಶಕ್ತಿ) ಶಕ್ತಿ, ಉಳಿದೆರಡಕ್ಕೆ ತಲಾ 40. ಪೆಟ್ರೋಲ್ ಸಮೇತ ಅದರ ತೂಕ 183 ಕೆ.ಜಿ., ಹಿಮಾಲಯನ್ನಿನದು 196. ಆದರೂ ನಾನು ತಂದದ್ದು ಹಿಮಾಲಯನ್. ಯಾಕೆ ಅಂತ ತುಂಬಾ ಜನ ಕೇಳಿದ್ದಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ನನ್ನ ಓಡಾಟ ಎಂಥದ್ದು ಅಂತ ಬರೆದಿಟ್ಟುಕೊಂಡೆ. ನಾನು ಒಬ್ಬನೇ ಹೋಗುವುದು ಕಡಿಮೆ. ಹಿಂದೆ ಹೆಂಡತಿ ಇರುತ್ತಾಳೆ, ಎರಡೂ ಬದಿಗೆ ಬ್ಯಾಗ್ ಇರುತ್ತವೆ. ಡಾಂಬರು ಮುಗಿದ ಮೇಲಿನ ಜಲ್ಲಿ ದಾರಿ, ಕಲ್ಲು ಎದ್ದ ಏರು, ಅಲ್ಲಲ್ಲಿ ನೀರು ದಾಟುವ ಜಾಗ, ಇವೇ ನಮಗೆ ಇಷ್ಟ. ಇಂಥ ಕಡೆ ಬೈಕ್ ಓಡುವುದು ಗಂಟೆಗೆ 10 ಕಿ.ಮೀ., ಹೆಚ್ಚೆಂದರೆ 20. ಅಲ್ಲಿ 46 ಪಿಎಸ್ ಪೂರ್ತಿ ಬಳಕೆಗೇ ಬರುವುದಿಲ್ಲ. ಬೈಕ್ ಬೀಳುವುದೂ ಹೆಚ್ಚಾಗಿ ಇಂಥ ವೇಗದಲ್ಲೇ, ಇಲ್ಲವೇ ನಿಂತಲ್ಲೇ. ಹಾಗಾಗಿ ನಡಿಗೆಯ ವೇಗದಲ್ಲಿ ಯಾವ ಬೈಕ್ ಹೇಗಿರುತ್ತದೆ ಅನ್ನುವುದನ್ನೇ ನೋಡಬೇಕು ಅಂತ ತೀರ್ಮಾನಿಸಿದೆ. ಟೆಸ್ಟ್ ರೈಡ್ ಅಂದರೆ ಎಲ್ಲರೂ ಖಾಲಿ ರಸ್ತೆಯಲ್ಲಿ ಥ್ರಾಟಲ್ ತಿರುಗಿಸಿ ವಾಪಸ್ ಬರುತ್ತಾರೆ. ಅದರಿಂದ ಎಂಜಿನ್ ಚೆನ್ನಾಗಿದೆ ಅನ್ನುವುದು ಬಿಟ್ಟು ಬೇರೇನೂ ತಿಳಿಯುವುದಿಲ್ಲ.

ಮೊದಲು ಸೀಟ್ ಎತ್ತರ. ಹಿಮಾಲಯನ್‌ನಲ್ಲಿ 825 ಮಿ.ಮೀ., ಬೇಕಾದರೆ 845ಕ್ಕೆ ಏರಿಸಬಹುದು. ಕೆಟಿಎಂ 830, ಸ್ಕ್ರ್ಯಾಂಬ್ಲರ್ 835. ಸಂಖ್ಯೆಯಲ್ಲಿ ಏನೂ ವ್ಯತ್ಯಾಸವಿಲ್ಲ ಅಲ್ವಾ? ಕೂತು ನೋಡಿದರೆ ಇದೆ. ಸೀಟಿನ ಮುಂಭಾಗ ಎಷ್ಟು ಅಗಲ, ಕೂತಾಗ ಸಸ್ಪೆನ್ಶನ್ ಎಷ್ಟು ಇಳಿಯುತ್ತದೆ, ಇವೆರಡೂ ಸೇರಿ ಕಾಲು ನೆಲಕ್ಕೆ ಎಷ್ಟು ಎಟಕುತ್ತದೆ ಅನ್ನುವುದನ್ನು ನಿರ್ಧರಿಸುತ್ತವೆ. ಯಾವಾಗಲೂ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ. ಕೆಲವು ಕಡೆ ಸಿಗುವ 390 ಅಡ್ವೆಂಚರ್ ಆರ್ ಮಾದರಿಯ ಸೀಟ್ 870 ಮಿ.ಮೀ., ಸಸ್ಪೆನ್ಶನ್ ಓಟ (ಅದು ಮೇಲೆ ಕೆಳಗೆ ಆಡುವ ದೂರ) 230 ಮಿ.ಮೀ., ಅದು ಬೇರೆಯೇ ಲೆಕ್ಕ. ಹೆಸರು ಒಂದೇ ಅಂತ ಅದರ ವಿಮರ್ಶೆ ಓದಿ ಇದನ್ನು ಅಳೆಯಬೇಡಿ.

ಆಮೇಲೆ ಬೈಕನ್ನು ಸಣ್ಣ ಏರಿನಲ್ಲಿ ನಿಲ್ಲಿಸಿ, ಮೇಲೆ ಕೂತೇ ಹಿಂದಕ್ಕೆ ತಳ್ಳಿ ನೋಡಿದೆ. ಕಿರಿದಾದ ದಾರಿಯಲ್ಲಿ ತಪ್ಪು ಕಡೆ ಹೋಗಿ ತಿರುಗಿಸಿಕೊಳ್ಳುವಾಗ ಮಾಡಬೇಕಾದ ಕೆಲಸ ಇದೇ. ಬರೀ ಬೆರಳ ತುದಿ ಎಟಕಿದರೆ ಇದು ಆಗುವುದೇ ಇಲ್ಲ, ಪಾದದ ಮುಂಭಾಗವಾದರೂ ಗಟ್ಟಿಯಾಗಿ ಊರಬೇಕು. ನನ್ನ ಕಾಲಿಗೆ ಹಿಮಾಲಯನ್ ಸಲೀಸಾಗಿ ಬಂತು.

ಹೀಗಿದ್ದರೂ 13 ಕೆ.ಜಿ. ವ್ಯತ್ಯಾಸ ತಲೆಯಿಂದ ಹೋಗಲಿಲ್ಲ. ಹಿಮಾಲಯನ್ ಟ್ಯಾಂಕ್ 17 ಲೀಟರಿನದು, ಕೆಟಿಎಂ 14.5. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆ.ಜಿ. ತೂಗುತ್ತದೆ. ಅಂದರೆ ಆ 13ರಲ್ಲಿ ಪೆಟ್ರೋಲಿನ ಪಾಲು ಎರಡು ಕೆ.ಜಿ.ಯೂ ಇಲ್ಲ, ಉಳಿದದ್ದೆಲ್ಲ ಬೈಕಿನದೇ ಭಾರ. ಬಿದ್ದರೆ ಎತ್ತುವುದು ಹೇಗೆ?

ಅದನ್ನೂ ನೋಡಿಯೇಬಿಟ್ಟೆವು. ಸ್ನೇಹಿತನ ಹತ್ತಿರ ಹಿಮಾಲಯನ್ 450 ಇತ್ತು. ಹುಲ್ಲಿನ ಮೇಲೆ ಹಳೇ ಹಾಸಿಗೆ ಹಾಸಿ, ಇಬ್ಬರೂ ಹಿಡಿದು ಮೆಲ್ಲಗೆ ಬಲಕ್ಕೆ ಮಲಗಿಸಿದೆವು. "ನಾನು ಮುಟ್ಟಲ್ಲ ಕಣೋ, ನೀನೇ ಎತ್ತು" ಅಂತ ಅವನು ದೂರ ನಿಂತ. ಮೊದಲು ಸೈಡ್ ಸ್ಟ್ಯಾಂಡ್ ತೆರೆದೆ, ಇಲ್ಲದಿದ್ದರೆ ಎತ್ತಿದ ಬೈಕ್ ಆ ಕಡೆ ಬೀಳುತ್ತದೆ. ಉರುಳದ ಹಾಗೆ ಗೇರಿಗೆ ಹಾಕಿದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿದೆ. ಬೈಕಿಗೆ ಬೆನ್ನು ಮಾಡಿ ಸೀಟಿಗೆ ಒರಗಿ ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಕೆಳಗಿನ ಗ್ರಿಪ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಬೆನ್ನು ಬಗ್ಗಿಸದೆ ಕಾಲಿನ ಬಲದಿಂದಲೇ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಟ್ಟೆ. ನೆಲ ಬಿಡುವ ಮೊದಲ ಗೇಣು ಮಾತ್ರ ಜೀವ ತೆಗೆಯಿತು. ಅರ್ಧ ದಾಟಿದ ಮೇಲೆ ಹಗುರ. ಸ್ಟ್ಯಾಂಡಿನ ಮೇಲೆ ನಿಂತಾಗ ಆದ ಖುಷಿ ಹೇಳತೀರದು, ಯಾಕೆಂದರೆ 196 ಅನ್ನುವ ಸಂಖ್ಯೆಯ ಭಯ ಅಲ್ಲಿಗೇ ಮುಗಿಯಿತು. ಬ್ಯಾಗ್ ತುಂಬಿದ್ದರೆ ಬಿಚ್ಚಿಯೇ ಎತ್ತಬೇಕು, ಅದು ಯಾವ ಬೈಕಿಗೂ ಅಷ್ಟೇ.

ಮುಂದಿನದು ತೆವಳಿಸಿ ನೋಡುವುದು. ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು, ಏರಿನಲ್ಲಿ ನಿಂತು ಹೊರಟು, ಮೊದಲ ಗೇರಿನಲ್ಲಿ ಹಾಫ್ ಕ್ಲಚ್ ಎಷ್ಟು ಬೇಕಾಗುತ್ತದೆ ಅಂತ ಗಮನಿಸಿದೆ. ಟಾರ್ಕ್, ಅಂದರೆ ಎಂಜಿನ್ ಚಕ್ರ ತಿರುಗಿಸುವ ಬಲ, ಮೂರರಲ್ಲೂ ಹೆಚ್ಚುಕಡಿಮೆ ಒಂದೇ: ಹಿಮಾಲಯನ್ 40 ಎನ್‌ಎಂ (ನ್ಯೂಟನ್ ಮೀಟರ್), ಕೆಟಿಎಂ 39, ಸ್ಕ್ರ್ಯಾಂಬ್ಲರ್ 37.5. ಆದರೆ ಅದು ಸಿಗುವ ಜಾಗ ನೋಡಿ. ಹಿಮಾಲಯನ್‌ನಲ್ಲಿ 5,500 ಆರ್‌ಪಿಎಂಗೇ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಪೂರ್ತಿ ಸಿಗುತ್ತದೆ, ಉಳಿದೆರಡರಲ್ಲಿ 6,500ಕ್ಕೆ. ಇಬ್ಬರು ಕೂತು ಲಗೇಜ್ ಹೇರಿಕೊಂಡು ಕಲ್ಲಿನ ಏರು ಹತ್ತುವಾಗ ಈ ಸಾವಿರ ಆರ್‌ಪಿಎಂ ವ್ಯತ್ಯಾಸ ಎಡಗೈಗೆ ಗೊತ್ತಾಗುತ್ತದೆ. ಎಂಜಿನ್ ಕಡಿಮೆ ಆರ್‌ಪಿಎಂನಲ್ಲೇ ಎಳೆದರೆ ಕ್ಲಚ್ ಬೇಗ ಬಿಡಬಹುದು, ಕ್ಲಚ್ ಪ್ಲೇಟ್ ಸುಡುವುದಿಲ್ಲ. ಕೆಟಿಎಂ ತಿರುಗಿಸಿದಷ್ಟೂ ಚುರುಕು, ಆ ಚುರುಕು ನನಗೂ ತುಂಬಾ ಇಷ್ಟವಾಯಿತು, ಸುಳ್ಳು ಹೇಳಲ್ಲ. ಒಬ್ಬನೇ ಓಡಿಸುವವನಾಗಿದ್ದರೆ ಅದನ್ನೇ ತರುತ್ತಿದ್ದೆ.

ಹಿಂದೆ ಕೂತವರ ಮಾತು ಕೇಳದೇ ಬೈಕ್ ಕೊಳ್ಳಬೇಡಿ. "ಮಂಡಿ ತೀರಾ ಮಡಚುತ್ತೆ ರೀ, ಒಂದು ಗಂಟೆ ಆದ್ಮೇಲೆ ನನ್ನ ಕೈಲಾಗಲ್ಲ" ಅಂತ ಒಂದು ಬೈಕಿನ ಬಗ್ಗೆ ಅವಳು ಇಳಿದ ತಕ್ಷಣ ಹೇಳಿದಳು.

ಸಸ್ಪೆನ್ಶನ್ ವಿಷಯದಲ್ಲಿ ಕೆಟಿಎಂ ನಿಜಕ್ಕೂ ಮುಂದಿದೆ. ಮುಂದಿನ ಫೋರ್ಕಿನ ಕಂಪ್ರೆಶನ್ (ಒತ್ತಿದಾಗ ಕುಗ್ಗುವ ವೇಗ), ರಿಬೌಂಡ್ (ವಾಪಸ್ ಏಳುವ ವೇಗ) ಎರಡನ್ನೂ ಹೊಂದಿಸಬಹುದು. ಹಿಮಾಲಯನ್ ಫೋರ್ಕಿನಲ್ಲಿ ಆ ಸೌಲಭ್ಯವಿಲ್ಲ, ಹಿಂದೆ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಬಿಗಿ ಮಾಡಿಡಬೇಕು ಅನ್ನುವುದು) ಮಾತ್ರ. ಓಟ ಎರಡರಲ್ಲೂ 200 ಮಿ.ಮೀ. ಆಸುಪಾಸು. ಸ್ಕ್ರ್ಯಾಂಬ್ಲರಿಗೆ 150, ಮುಂದಿನ ಚಕ್ರವೂ 19 ಇಂಚು. ಹಿಮಾಲಯನ್, ಕೆಟಿಎಂ ಎರಡಕ್ಕೂ ಮುಂದೆ 21. ದೊಡ್ಡ ಚಕ್ರ ಕಲ್ಲು, ಗುಂಡಿಗಳ ಮೇಲೆ ಸಲೀಸಾಗಿ ಉರುಳುತ್ತದೆ, ಆದರೆ ಡಾಂಬರಿನ ತಿರುವುಗಳಲ್ಲಿ ಸ್ವಲ್ಪ ನಿಧಾನವಾಗಿ ವಾಲುತ್ತದೆ. ನಿಮ್ಮ ಓಡಾಟ ಹೆಚ್ಚಾಗಿ ಡಾಂಬರಿನಲ್ಲೇ ಆದರೆ ಸ್ಕ್ರ್ಯಾಂಬ್ಲರ್ ಓಡಿಸಿ ನೋಡದೇ ಬಿಡಬೇಡಿ, ತಿರುವುಗಳಲ್ಲಿ ಅದು ಕೊಡುವ ಮಜಾನೇ ಬೇರೆ.

ಚಕ್ರದ ಬಗ್ಗೆ ಇನ್ನೊಂದು ಮಾತು. ಹಿಮಾಲಯನ್ 450 ಮೊದಲು ಬಂದಾಗ ಸ್ಪೋಕ್ ಚಕ್ರಕ್ಕೆ ಟ್ಯೂಬ್ ಇತ್ತು, ಟ್ಯೂಬ್‌ಲೆಸ್ ಸ್ಪೋಕ್ ಆಮೇಲೆ ಬಂತು. ಕಾಡಿನ ನಡುವೆ ಪಂಕ್ಚರ್ ಆದರೆ ಟ್ಯೂಬ್‌ಲೆಸ್‌ಗೆ ರಬ್ಬರ್ ಪ್ಲಗ್ ತುರುಕಿ ಗಾಳಿ ಹೊಡೆದರೆ ಮುಗಿಯಿತು. ಟ್ಯೂಬ್ ಇದ್ದರೆ ಚಕ್ರ ಬಿಚ್ಚಬೇಕು, ಲಿವರ್ ಹಾಕಿ ಟೈರ್ ಕಳಚಬೇಕು. ನಾನು ಟ್ಯೂಬ್‌ಲೆಸ್ ಚಕ್ರದ್ದನ್ನೇ ಕೇಳಿ ತೆಗೆದುಕೊಂಡೆ. ಟ್ಯಾಂಕಿನ ಲೆಕ್ಕವನ್ನೂ ಹಾಕಿದ್ದೆ: ಲೀಟರಿಗೆ 25 ಕಿ.ಮೀ. ಅಂತ ಹಿಡಿದರೂ 17 ಲೀಟರಿಗೆ 425 ಕಿ.ಮೀ. ಆಗುತ್ತದೆ, ಸ್ಕ್ರ್ಯಾಂಬ್ಲರಿನ 13 ಲೀಟರಿಗೆ 325. ಪೆಟ್ರೋಲ್ ಬಂಕ್ ಇಲ್ಲದ ದಾರಿಗಳಲ್ಲಿ ಓಡಾಡುವವನಿಗೆ ಇದು ಸಣ್ಣ ವಿಷಯವಲ್ಲ.

ಬೈಕ್ ಬಂದ ಮೇಲೆ ಮೊದಲು ಹಿಂದಿನ ಪ್ರೀಲೋಡ್ ಹೊಂದಿಸಿದೆ. ಹಿಂದಿನ ಚಕ್ರ ಗಾಳಿಯಲ್ಲಿದ್ದಾಗ ಆಕ್ಸಲ್‌ನಿಂದ ನೇರ ಮೇಲಿನ ಒಂದು ಬೋಲ್ಟಿನವರೆಗೆ ಟೇಪ್ ಹಿಡಿದು ಅಳೆದೆ. ಆಮೇಲೆ ಬ್ಯಾಗ್ ಹಾಕಿ ಇಬ್ಬರೂ ಕೂತು ಸ್ನೇಹಿತನಿಂದ ಮತ್ತೆ ಅಳೆಸಿದೆ. ಎರಡರ ವ್ಯತ್ಯಾಸ ಒಟ್ಟು ಓಟದ ಮೂರನೇ ಒಂದು ಪಾಲಿನಷ್ಟಿರಬೇಕು, ಅಂದರೆ 65ರಿಂದ 70 ಮಿ.ಮೀ. ಅದಕ್ಕಿಂತ ಜಾಸ್ತಿ ಇಳಿದರೆ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ, ಏರಿನಲ್ಲಿ ಹ್ಯಾಂಡಲ್ ಹೇಳಿದ ಮಾತು ಕೇಳುವುದಿಲ್ಲ. ಅಷ್ಟು ಬರುವವರೆಗೂ ಪ್ರೀಲೋಡ್ ಬಿಗಿ ಮಾಡಿದೆ. ಪೆಗ್ (ಕಾಲಿಡುವ ಕಡ್ಡಿ) ಮೇಲೆ ನಿಂತು ಓಡಿಸುವಾಗ ಮಣಿಕಟ್ಟು ಮಡಚದ ಹಾಗೆ ಕ್ಲಚ್, ಬ್ರೇಕ್ ಲಿವರ್‌ಗಳನ್ನೂ ಸ್ವಲ್ಪ ಕೆಳಕ್ಕೆ ತಿರುಗಿಸಿಕೊಂಡೆ.